ಎಂಜಿನ್ ಕೆಲಸವಾದ ಮೇಲೆ ಹಗ್ಗಕ್ಕೆ ಜಗ್ಗದ ಪಂಪ್‌ಸೆಟ್: ಒಂದು ಪ್ರಕರಣ ಅಧ್ಯಯನ

ಪಂಪ್‌ಸೆಟ್ 2 ಇಂಚಿನದು. ಎಂಜಿನ್ 163 ಸಿಸಿ, ಪೆಟ್ರೋಲ್, ನಾಲ್ಕು ಸ್ಟ್ರೋಕ್, ವಾಲ್ವ್‌ಗಳು ಹೆಡ್‌ನಲ್ಲಿರುವ ಜಾತಿ. ಬೋರ್ (ಸಿಲಿಂಡರ್‌ನ ಒಳವ್ಯಾಸ) 68 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಓಡಾಟದ ಉದ್ದ) 45 ಮಿ.ಮೀ. ಹೋಂಡಾ ಜಿಎಕ್ಸ್ 160ರ ನಕ್ಷೆಯನ್ನೇ ಹಿಡಿದು ಹಲವು ಕಡೆ ತಯಾರಾಗುವ ಈ ಎಂಜಿನ್ ಪಂಪು, ಸ್ಪ್ರೇಯರ್, ಕಾಂಕ್ರೀಟ್ ವೈಬ್ರೇಟರ್, ಸಣ್ಣ ಜನರೇಟರ್ ಎಲ್ಲಕ್ಕೂ ಕೂರುತ್ತದೆ. ಹಾಗಾಗಿ ಇಲ್ಲಿ ಕೊಟ್ಟಿರುವ ಅಳತೆಗಳು ಆ ನಕ್ಷೆಯ ಎಂಜಿನ್‌ಗೆ ಮಾತ್ರ. ಪತ್ತೆ ಮಾಡುವ ಕ್ರಮ ಬೇರೆ ಸಣ್ಣ ಎಂಜಿನ್‌ಗಳಿಗೂ ನಡೆಯುತ್ತದೆ.

ಈ ಪಂಪ್‌ಸೆಟ್ ದಾವಣಗೆರೆ ಜಿಲ್ಲೆಯ ಮಲೇಬೆನ್ನೂರು ಕಡೆಯದು. ಭದ್ರಾ ನಾಲೆಯ ಕೊನೆಭಾಗದಲ್ಲಿ ಬೇಸಿಗೆ ಭತ್ತ ಹಾಕಿದವರಿಗೆ ನಾಲೆಯೊಂದನ್ನೇ ನಂಬಿ ಕೂರಲಾಗದು. ಆಫ್ ಅಂಡ್ ಆನ್ ಪದ್ಧತಿಯಲ್ಲಿ ನೀರು ಬಿಡುವಾಗ 'ಆಫ್' ದಿನಗಳಲ್ಲಿ ಹಳ್ಳದ ಬಸಿನೀರು ಎತ್ತಬೇಕು. ಎಂಜಿನ್ ಆಯಿಲ್ ತಿನ್ನತೊಡಗಿ ನೀಲಿ ಹೊಗೆ ಬಂದಾಗ ರೈತರು ಅದನ್ನು ದಾವಣಗೆರೆಗೆ ಒಯ್ದು ಪೂರ್ತಿ ಕೆಲಸ ಮಾಡಿಸಿದರು. ಬೋರ್ 0.25 ಮಿ.ಮೀ. ಓವರ್‌ಸೈಜ್‌ಗೆ ಹೋಯಿತು. ಹೊಸ ಪಿಸ್ಟನ್, ರಿಂಗ್ ಸೆಟ್, ಕನೆಕ್ಟಿಂಗ್ ರಾಡ್, ಸೈಡ್ ಕವರ್‌ನ (ಎಂಜಿನ್‌ನ ಪಂಪ್ ಕಡೆಯ ಮುಚ್ಚಳದ) ಬೇರಿಂಗ್, ಎರಡೂ ಆಯಿಲ್ ಸೀಲ್ ಬಿದ್ದವು. ಪಂಪಿನ ನೀರು ಶಾಫ್ಟ್ ಪಕ್ಕದಿಂದ ಸೋರದಂತೆ ತಡೆಯುವ ಮೆಕ್ಯಾನಿಕಲ್ ಸೀಲ್ ಕೂಡ ಹೊಸದು.

ವಾಪಸ್ ಬಂದ ಎಂಜಿನ್ ಚಾಲೂ ಮಾಡುವ ಹಗ್ಗ ಒಂದು ಕೈಗೆ ಜಗ್ಗುತ್ತಿರಲಿಲ್ಲ. ಕಾಲು ಕೊಟ್ಟು ಎರಡು ಕೈಯಲ್ಲಿ ಎಳೆದರೆ ಅರ್ಧ ಬಂದು ನಿಲ್ಲುತ್ತಿತ್ತು. ಒಮ್ಮೊಮ್ಮೆ ಹಿಡಿಯನ್ನೇ ಕೈಯಿಂದ ಕಿತ್ತುಕೊಂಡು ಹಿಂದಕ್ಕೆ ಹೋಗುತ್ತಿತ್ತು. ಕೆಲಸ ಮಾಡಿದ ಕಡೆ ಸಿಕ್ಕ ಉತ್ತರ ಎಲ್ಲರೂ ಕೇಳಿರುವಂಥದ್ದೇ: "ಹೊಸಾ ರಿಂಗ್ ಹಾಕೀವಿ, ನಾಕು ದಿನ ಓಡಿಸ್ರಿ, ತಾನಾ ಫ್ರೀ ಆಕ್ಕತಿ."

ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಹೊಸ ರಿಂಗ್, ಹೊಸದಾಗಿ ಹೋನ್ ಮಾಡಿದ (ಕಲ್ಲಿನಿಂದ ಉಜ್ಜಿ ಹದ ಮಾಡಿದ) ಬೋರ್ ಸ್ವಲ್ಪ ಹಿಡಿಯುವುದು ನಿಜ. ಆದರೆ ಸ್ಪಾರ್ಕ್ ಪ್ಲಗ್ ಬಿಚ್ಚಿದ ಮೇಲೆ ಹೊಸ ರಿಂಗಿನ ಎಂಜಿನ್ ಕೂಡ ಫ್ಲೈವೀಲ್ ಮೇಲೆ ಅಂಗೈ ಇಟ್ಟು ತಿರುಗಿಸಿದರೆ ತಿರುಗಲೇಬೇಕು. ತಿರುಗದಿದ್ದರೆ ಅದು ರಿಂಗಿನ ಹಿಡಿತವಲ್ಲ. ಹಾಗೆಯೇ ಓಡಿಸಿದರೆ 'ಫ್ರೀ' ಆಗುವುದು ಯಾವುದೋ ಒಂದು ಲೋಹ ಸವೆದು, ಅಥವಾ ಬೇರಿಂಗ್ ಹೋಗಿ.

ಮೊದಲು ಪ್ಲಗ್

ಬಿಗಿ ಎಂಜಿನ್ ಬಂದ ಕೂಡಲೇ ಹೆಡ್ ಬಿಚ್ಚುವ ಚಾಳಿ ನಮ್ಮ ಕಡೆ ಬಹಳ. ಹೆಡ್ ಬಿಚ್ಚಿದರೆ ಒಂದು ಗ್ಯಾಸ್ಕೆಟ್ ಹೋಯಿತು, ಮೇಲಾಗಿ ಕಂಪ್ರೆಷನ್ (ಪಿಸ್ಟನ್ ಮೇಲೆ ಗಾಳಿ ಅದುಮಿಕೊಳ್ಳುವುದು) ಎಂಬ ಮುಖ್ಯ ಸಾಕ್ಷಿಯೂ ಹೋಯಿತು. ಇಲ್ಲಿ ಮೊದಲು ಮಾಡಿದ್ದು ಪೆಟ್ರೋಲ್ ಕಾಕ್ ಮುಚ್ಚಿ, ಸ್ವಿಚ್ ಆಫ್ ಮಾಡಿ, ಪ್ಲಗ್ ಕ್ಯಾಪ್ ದೂರ ಸರಿಸಿ, ಪ್ಲಗ್ ಬಿಚ್ಚಿದ್ದು. ಆಮೇಲೆ ಹಗ್ಗವನ್ನು ರಭಸವಾಗಿ ಅಲ್ಲ, ನಿಧಾನವಾಗಿ ಎಳೆದದ್ದು. ಮುಖವನ್ನು ಪ್ಲಗ್ ತೂತಿನ ನೇರಕ್ಕೆ ಇಡಬಾರದು.

ನಿಧಾನಕ್ಕೆ ಎಳೆಯುವುದಕ್ಕೆ ಕಾರಣವಿದೆ. ಸಿಲಿಂಡರ್ ಒಳಗೆ ಆಯಿಲ್ ಅಥವಾ ಪೆಟ್ರೋಲ್ ತುಂಬಿದ್ದರೆ ಪಿಸ್ಟನ್ ಮೇಲೆ ಬರಲಾರದು, ದ್ರವ ಕುಗ್ಗುವುದಿಲ್ಲ. ಈ ಎಂಜಿನ್‌ನ ಕಂಪ್ರೆಷನ್ ರೇಷಿಯೋ 8.5ರಿಂದ 9ರ ಒಳಗೆ. ಅಂದರೆ ಪಿಸ್ಟನ್ ತುದಿಗೆ ಬಂದಾಗ ಮೇಲೆ ಉಳಿಯುವ ಜಾಗ ಬರೀ 20 ಮಿ.ಲೀ. ಆಸುಪಾಸು. ರಿಂಗ್ 'ಸಡಿಲ ಆಗಲಿ' ಎಂದು ಪ್ಲಗ್ ತೂತಿನಿಂದ ಧಾರಾಳವಾಗಿ ಆಯಿಲ್ ಸುರಿದು ಹಗ್ಗ ಜಗ್ಗಿದವರು ರಾಡ್ ಬಗ್ಗಿಸಿದ ಉದಾಹರಣೆಗಳಿವೆ. ಟೆಂಪೋದಲ್ಲಿ ಎಂಜಿನ್ ಮಲಗಿಸಿ ತಂದಾಗಲೂ ಎಂಜಿನ್ ತಳದ ಸಂಪಿನ ಆಯಿಲ್ ರಿಂಗ್ ದಾಟಿ ಮೇಲೆ ಸೇರಬಹುದು. ಇಲ್ಲಿ ಪ್ಲಗ್ ತೂತಿನಿಂದ ಕೆಲವು ಹನಿ ಆಯಿಲ್ ಚಿಮ್ಮಿತು, ಅಷ್ಟೆ. ಜಾಮ್ ಆಗಲು ಅದು ಸಾಲದು.

ಪ್ಲಗ್ ಇಲ್ಲದೆಯೂ ಹಗ್ಗ ಭಾರವಾಗಿಯೇ ಇತ್ತು. ಎಳೆತದ ಭಾರ ಸ್ವಲ್ಪ ಇಳಿದದ್ದು ನಿಜ. ಆ 'ಸ್ವಲ್ಪ'ವನ್ನು ಗುರುತು ಮಾಡಿಟ್ಟುಕೊಳ್ಳಬೇಕು. ಎಂಜಿನ್ ಪೂರ್ತಿ ಹಗುರಾಗಿದ್ದರೆ ತೊಂದರೆ ಕಂಪ್ರೆಷನ್ ಕಡೆ. ಏನೂ ಬದಲಾಗದಿದ್ದರೆ ತೊಂದರೆ ಲೋಹ ಲೋಹಕ್ಕೆ ಹಿಡಿಯುವ ಕಡೆ. ಒಂದಿಷ್ಟು ಇಳಿದು ಇನ್ನೊಂದಿಷ್ಟು ಉಳಿದರೆ ಎರಡು ಕಡೆಯೂ ನೋಡಬೇಕು. ಒಂದು ದೋಷ ಸಿಕ್ಕಿತೆಂದು ಮುಚ್ಚಿಬಿಟ್ಟರೆ ಎರಡನೆಯದಕ್ಕಾಗಿ ಮತ್ತೆ ಬಿಚ್ಚುವ ಪಾಳಿ ಬರುತ್ತದೆ.

ಎಂಜಿನ್ ಅಲ್ಲದ್ದನ್ನೆಲ್ಲ ಬೇರೆ ಮಾಡಿದ್ದು

ಹಗ್ಗದ ಸ್ಟಾರ್ಟರ್ ಮೂರು ಬೋಲ್ಟಿನದು, 10 ನಂಬರ್ ಬಾಕ್ಸ್ ಪಾನಾದಲ್ಲಿ ಬರುತ್ತದೆ. ಬಿಚ್ಚಿ ಕೈಯಲ್ಲಿ ಎಳೆದರೆ ಹಗ್ಗ ಸಲೀಸಾಗಿ ಓಡಾಡಿತು. ಅಲ್ಲಿಗೆ ಅದು ಲೆಕ್ಕದಿಂದ ಹೊರಗೆ. ಫ್ಲೈವೀಲ್‌ನ ಅಯಸ್ಕಾಂತ ಇಗ್ನಿಷನ್ ಕಾಯಿಲ್‌ಗೆ ತಾಗುತ್ತಿದೆಯೇ ಎಂದು ನೋಡಲಾಯಿತು. ಗ್ಯಾಪ್ 0.4 ಮಿ.ಮೀ. ಸುಮಾರು ಇರಬೇಕು, ದಪ್ಪ ವಿಸಿಟಿಂಗ್ ಕಾರ್ಡ್ ಒಂದು ಸರಾಗವಾಗಿ ನುಸುಳಿತು. ತಾಗಿದ್ದರೆ ಹೊಳೆಯುವ ಗೀರು ಕಾಣುತ್ತಿತ್ತು.

ಪಂಪಿನ ಕಡೆ ಅವಸರ ಮಾಡಬಾರದು. ಈ ಪಂಪ್‌ಸೆಟ್‌ಗಳಲ್ಲಿ ನೀರು ತಳ್ಳುವ ಚಕ್ರ, ಅಂದರೆ ಇಂಪೆಲ್ಲರ್, ನೇರವಾಗಿ ಕ್ರ್ಯಾಂಕ್ ಶಾಫ್ಟ್‌ನ ತುದಿಯ ಆಟೆಗೇ (ಥ್ರೆಡ್‌ಗೇ) ಕೂರುತ್ತದೆ, ಮಧ್ಯೆ ಕಪ್ಲಿಂಗ್ ಇಲ್ಲ. ಇಂಪೆಲ್ಲರ್ ಹಿಂದೆ ತೆಳು ವಾಷರ್‌ಗಳಿರುತ್ತವೆ. ಅವುಗಳಲ್ಲಿ ಒಂದು ಹೆಚ್ಚಾದರೂ ಕಡಿಮೆಯಾದರೂ ಇಂಪೆಲ್ಲರ್ ಮುಂದಿನ ವಾಲ್ಯೂಟ್‌ಗೋ (ನೀರು ಸುತ್ತಿ ಹೊರಹೋಗುವ ಸುರುಳಿ ಚಿಪ್ಪಿಗೋ) ಹಿಂದಿನ ಗೋಡೆಗೋ ಉಜ್ಜುತ್ತದೆ, ಎಂಜಿನ್ ಬಿಗಿಯಾದಂತೆ ತೋರುತ್ತದೆ. ಹಳ್ಳದ ನೀರು ಎತ್ತುವ ಪಂಪಿನಲ್ಲಿ ಮರಳು ಕೂತು ಗಟ್ಟಿಯಾಗುವುದೂ ಉಂಟು. ಕೇಸಿಂಗ್ ಬಿಚ್ಚಿದಾಗ ಇಲ್ಲಿ ಉಜ್ಜಿದ ಗುರುತಿರಲಿಲ್ಲ. ಆದರೂ ಇಂಪೆಲ್ಲರ್ ತೆಗೆಯಲಾಯಿತು. ಎಂಜಿನ್ ಪಂಪಿನ ಕಡೆಯಿಂದ ನೋಡಿದರೆ ಗಡಿಯಾರದ ಮುಳ್ಳಿಗೆ ಎದುರಾಗಿ ತಿರುಗುತ್ತದೆ, ಓಡುತ್ತ ಓಡುತ್ತ ಆಟೆ ಬಿಗಿಯುತ್ತದೆ. ತೆಗೆಯುವಾಗ ಇಂಪೆಲ್ಲರ್ ಅನ್ನೂ ಅದೇ ದಿಕ್ಕಿಗೆ, ಅಂದರೆ ಗಡಿಯಾರದ ಮುಳ್ಳಿಗೆ ಎದುರಾಗಿ, ಮರದ ತುಂಡಿಟ್ಟು ಹಗುರಾಗಿ ಬಡಿದು ಬಿಚ್ಚಬೇಕು. ಕಬ್ಬಿಣದ ಸುತ್ತಿಗೆ ನೇರ ಬಿದ್ದರೆ ಎಲೆ ಮುರಿಯುತ್ತದೆ. ಹೊಸ ಮೆಕ್ಯಾನಿಕಲ್ ಸೀಲಿನ ಒತ್ತಡ ಹೋದದ್ದರಿಂದ ಒಂದು ಚೂರು ಹಗುರಾಯಿತು. ಮೂಲ ಬಿಗಿ ಹಾಗೇ ಉಳಿಯಿತು.

ಬಿಗಿ ಎಲ್ಲಿ ಬರುತ್ತದೆ?

ಈಗ ಎದುರಿಗಿದ್ದದ್ದು ಬರೀ ಎಂಜಿನ್. ಫ್ಲೈವೀಲ್ ಮೇಲೆ ಸೀಮೆಸುಣ್ಣದಿಂದ ಗುರುತು ಹಾಕಿ, ಪ್ಲಗ್ ತೂತಿನಲ್ಲಿ ಪ್ಲಾಸ್ಟಿಕ್ ಸ್ಟ್ರಾ ಇಳಿಬಿಟ್ಟು ಪಿಸ್ಟನ್ ಮೇಲಿದೆಯೋ ಕೆಳಗಿದೆಯೋ ನೋಡುತ್ತ, ಕೈಯಿಂದ ಎರಡು ಪೂರ್ತಿ ಸುತ್ತು ತಿರುಗಿಸಬೇಕು. ಎರಡು ಸುತ್ತು ಏಕೆಂದರೆ ನಾಲ್ಕು ಸ್ಟ್ರೋಕ್ ಮುಗಿಯುವುದೇ ಆಗ, ವಾಲ್ವ್‌ಗಳನ್ನು ಎತ್ತುವ ಕ್ಯಾಮ್ ಒಂದು ಸುತ್ತು ಬರುವುದೂ ಆಗ.

ಈ ಒಂದು ಪರೀಕ್ಷೆಗೆ ಖರ್ಚಿಲ್ಲ, ಆದರೆ ಹತ್ತು ಬೋಲ್ಟ್ ಬಿಚ್ಚಿದರೂ ಸಿಗದ ಉತ್ತರ ಇದರಲ್ಲಿ ಸಿಗುತ್ತದೆ. ಪಿಸ್ಟನ್ ತುದಿಯಲ್ಲಿ, ಅಂದರೆ ತೀರಾ ಮೇಲೆ ಅಥವಾ ತೀರಾ ಕೆಳಗೆ ಇರುವಾಗ, ಫ್ಲೈವೀಲ್ ಕೆಲವು ಡಿಗ್ರಿ ತಿರುಗಿದರೂ ಪಿಸ್ಟನ್ ಹೆಚ್ಚುಕಡಿಮೆ ಅಲ್ಲಾಡುವುದಿಲ್ಲ. ಹಾಗಾಗಿ ರಿಂಗ್, ಪಿಸ್ಟನ್, ಬೋರ್ ಹಿಡಿಯುತ್ತಿದ್ದರೆ ಆ ಎರಡು ತುದಿಗಳಲ್ಲಿ ಕೈಗೆ ಹಗುರು, ನಡುವಿನಲ್ಲಿ ಭಾರ; ಒಂದು ಸುತ್ತಿಗೆ ಎರಡು ಬಾರಿ ಭಾರ ಏರಿ ಇಳಿಯುತ್ತದೆ. ಬಿಗಿ ಎರಡು ಸುತ್ತಿಗೆ ಒಮ್ಮೆ ಒಂದೇ ಜಾಗದಲ್ಲಿ ಬಂದರೆ ಕ್ಯಾಮ್, ವಾಲ್ವ್, ತಪ್ಪು ಟೈಮಿಂಗ್ ಕಡೆ ಬೆರಳು ತೋರಿಸಬೇಕು. ತುದಿಯೆನ್ನದೆ ನಡುವೆಯೆನ್ನದೆ ಸುತ್ತೆಲ್ಲ ಒಂದೇ ಸಮ ಭಾರವಿದ್ದರೆ ಪಿಸ್ಟನ್ ನಿರಪರಾಧಿ; ಕ್ರ್ಯಾಂಕ್ ಶಾಫ್ಟ್, ಅದರ ಬೇರಿಂಗ್, ಸೀಲ್, ಇಲ್ಲವೇ ರಾಡಿನ ದೊಡ್ಡ ತುದಿ ಹಿಡಿಯುತ್ತಿದೆ.

ಇಲ್ಲಿ ಭಾರ ಸುತ್ತೆಲ್ಲ ಒಂದೇ ಸಮ ಇತ್ತು. ಪಿಸ್ಟನ್ ಮೇಲ್ತುದಿಯಲ್ಲಿ ನಿಂತಾಗಲೂ ಫ್ಲೈವೀಲ್ ಅಲುಗಿಸಲು ಅಷ್ಟೇ ಬಲ ಬೇಕು. ಫ್ಲೈವೀಲ್ ಹಿಡಿದು ಹಿಂದೆ ಮುಂದೆ ಎಳೆದಾಡಿದರೆ ಶಾಫ್ಟ್ ಉದ್ದಕ್ಕೆ ಒಂದು ಕೂದಲಷ್ಟೂ ಆಡಲಿಲ್ಲ. ಸರಿಯಾಗಿ ಕೂಡಿಸಿದ ಎಂಜಿನ್‌ನಲ್ಲಿ ಕೈಗೆ ತಿಳಿಯುವಷ್ಟು ಸಣ್ಣ 'ಟಕ್' ಇರುತ್ತದೆ. "ಹೊಸ ರಿಂಗ್" ಎಂಬ ವಾದ ಇಲ್ಲಿಗೇ ಬಿತ್ತು.

ಮುಂದಿನ ಪರೀಕ್ಷೆಯೂ ಸರಳ. ಆಯಿಲ್ ಬಸಿದು (ಈ ಎಂಜಿನ್‌ಗೆ ಹಿಡಿಯುವುದು ಸುಮಾರು 600 ಮಿ.ಲೀ.), ಸೈಡ್ ಕವರ್‌ನ ಆರು ಬೋಲ್ಟ್‌ಗಳನ್ನು ಎದುರುಬದುರಾಗಿ ಅರ್ಧರ್ಧ ಸುತ್ತು ಮಾತ್ರ ಸಡಿಲಿಸಲಾಯಿತು. 8 ಮಿ.ಮೀ. ಬೋಲ್ಟಿನ ಆಟೆ 1.25 ಮಿ.ಮೀ. ಅಂತರದ್ದು, ಅರ್ಧ ಸುತ್ತಿಗೆ ಕವರ್‌ಗೆ ಸಿಗುವ ಸಡಿಲ 0.6 ಮಿ.ಮೀ. ಕವರ್ ಅಂಚಿಗೆ ಮರದ ಸುತ್ತಿಗೆಯಿಂದ ಎರಡು ಪೆಟ್ಟು ಕೊಟ್ಟು ಅದು ಬ್ಲಾಕ್ ಬಿಟ್ಟ ಮೇಲೆ ಫ್ಲೈವೀಲ್ ಒಂದು ಬೆರಳಿಗೆ ತಿರುಗಿತು. ಶಾಫ್ಟ್ ಅನ್ನು ಕವರ್ ಮತ್ತು ಬ್ಲಾಕ್ ಎರಡೂ ಕಡೆಯಿಂದ ಅಡಕತ್ತರಿಯಂತೆ ಅದುಮಿ ಹಿಡಿದಿದ್ದವು.

ಬಿಚ್ಚುವ ಮುಂಚೆ ಇನ್ನೊಂದು ಪ್ರಶ್ನೆ

ಇಲ್ಲಿ ಕವರ್ ತೆಗೆದು ಸರಿಮಾಡಿ ಮುಚ್ಚುವ ಆಸೆ ಬರುತ್ತದೆ. ಆದರೆ ಪ್ಲಗ್ ತೆಗೆದಾಗ ಇಳಿದ ಆ 'ಸ್ವಲ್ಪ' ಭಾರ, ಹಿಡಿಯನ್ನು ಕಿತ್ತುಕೊಳ್ಳುವ ಹೊಡೆತ, ಎರಡಕ್ಕೂ ಇನ್ನೂ ಉತ್ತರ ಸಿಕ್ಕಿರಲಿಲ್ಲ. ಶಾಫ್ಟ್ ಅದುಮಿದ್ದರೆ ಹಗ್ಗ ಭಾರವಾಗುತ್ತದೆ, ಹಿಂದಕ್ಕೆ ಒದೆಯುವುದಿಲ್ಲ.

ಈ ಎಂಜಿನ್‌ನ ಕ್ಯಾಮ್ ಶಾಫ್ಟ್ ಮೇಲೆ ಡಿಕಂಪ್ರೆಷನ್ ಎಂಬ ಸಣ್ಣ ವ್ಯವಸ್ಥೆ ಇದೆ. ಸ್ಪ್ರಿಂಗ್ ಹಿಡಿದ ಒಂದು ತೂಕದ ತುಂಡು. ಎಂಜಿನ್ ನಿಧಾನವಾಗಿ ತಿರುಗುವಾಗ ಅದರ ಮೂತಿ ಎಕ್ಸಾಸ್ಟ್ ಕ್ಯಾಮ್‌ನಿಂದ ಹೊರಗೆ ಚಾಚಿ, ಕಂಪ್ರೆಷನ್ ಸ್ಟ್ರೋಕ್‌ನಲ್ಲಿ ಎಕ್ಸಾಸ್ಟ್ ವಾಲ್ವ್ ಅನ್ನು ತುಸು ಎತ್ತಿ ಗಾಳಿ ಬಿಡುತ್ತದೆ. ವೇಗ ಬಂದ ಮೇಲೆ ತೂಕ ಹೊರಕ್ಕೆ ಹಾರಿ ಮೂತಿ ಒಳಸೇರುತ್ತದೆ, ಪೂರ್ತಿ ಕಂಪ್ರೆಷನ್ ಸಿಗುತ್ತದೆ. ಮಗುವೂ ಎಳೆಯಬಲ್ಲ ಹಗ್ಗ ಎಂದು ಅಂಗಡಿಯವರು ಹೇಳುವುದು ಈ ತುಂಡಿನ ದಯೆಯಿಂದ. ಇದು ಕೆಲಸ ಬಿಟ್ಟರೆ ಹಗ್ಗ ಪ್ರತಿ ಎರಡು ಸುತ್ತಿಗೆ ಗೋಡೆಗೆ ಹೊಡೆದಂತೆ ನಿಲ್ಲುತ್ತದೆ. ಕೈ ಸೋತು ಫ್ಲೈವೀಲ್ ನಿಧಾನವಾದ ಹೊತ್ತಿಗೇ ಪ್ಲಗ್ ಕಿಡಿ ಬಿಡುತ್ತದೆ. ಕಿಡಿ ಬರುವುದು ಪಿಸ್ಟನ್ ಮೇಲ್ತುದಿ ಮುಟ್ಟುವ 20-25 ಡಿಗ್ರಿ ಮೊದಲು. ದಾಟುವಷ್ಟು ರಭಸವಿಲ್ಲದ ಪಿಸ್ಟನ್ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ, ಹಿಡಿ ಕೈಯಿಂದ ಹಾರುತ್ತದೆ.

ವಾಲ್ವ್ ಒತ್ತುವ ತೋಳುಗಳಾದ ರಾಕರ್‌ಗಳ ಮೇಲಿನ ಕವರ್‌ನ ನಾಲ್ಕು ಬೋಲ್ಟ್ ಬಿಚ್ಚಿದರೆ ಇದನ್ನು ಕಣ್ಣಾರೆ ನೋಡಬಹುದು. ಫ್ಲೈವೀಲ್ ಅನ್ನು ಅದರ ಕಡೆಯಿಂದ ನೋಡಿ ಗಡಿಯಾರದ ದಿಕ್ಕಿಗೆ ತಿರುಗಿಸುತ್ತ ಹೋದರೆ ಇನ್‌ಲೆಟ್ ರಾಕರ್ ಒತ್ತಿ ಮೇಲೇಳುತ್ತದೆ. ಅಲ್ಲಿಂದ ಪಿಸ್ಟನ್ ಮೇಲ್ತುದಿಗೆ ಬರುವುದರೊಳಗೆ ಎಕ್ಸಾಸ್ಟ್ ರಾಕರ್ ಒಂದು ಸಣ್ಣ ಮಿಡಿತ ಕೊಡಬೇಕು. ಕೊಡಲಿಲ್ಲ. ಸಂದು ಅಳೆಯುವ ತೆಳು ತಗಡು, ಅಂದರೆ ಫೀಲರ್ ಗೇಜ್, ಹಾಕಿದಾಗ ಎಕ್ಸಾಸ್ಟ್ ಟ್ಯಾಪೆಟ್ ಗ್ಯಾಪ್ (ರಾಕರ್ ಮತ್ತು ವಾಲ್ವ್ ನಡುವಿನ ಸಂದು) 0.45 ಮಿ.ಮೀ. ತೋರಿಸಿತು, ತಣ್ಣಗಿರುವಾಗ ಇರಬೇಕಾದದ್ದು 0.20. ಇನ್‌ಲೆಟ್‌ಗೆ 0.15. ಗ್ಯಾಪ್ ಇಷ್ಟು ಹೆಚ್ಚಿದ್ದರೆ ಡಿಕಂಪ್ರೆಷನ್ ಮೂತಿ ಎತ್ತುವ ಆ ಚೂರು ಎತ್ತರವೆಲ್ಲ ಗ್ಯಾಪ್ ತುಂಬುವುದರಲ್ಲೇ ಮುಗಿಯುತ್ತದೆ, ವಾಲ್ವ್ ಏಳುವುದೇ ಇಲ್ಲ. ಎಷ್ಟೋ ಪಂಪ್‌ಸೆಟ್‌ಗಳಲ್ಲಿ 'ಹಗ್ಗ ಒದೆಯುತ್ತದೆ' ಎಂಬ ದೂರಿಗೆ ಟ್ಯಾಪೆಟ್ ಸರಿಮಾಡುವುದೇ ಪೂರ್ತಿ ಚಿಕಿತ್ಸೆ. ಇಲ್ಲಿ ಗ್ಯಾಪ್ 0.20ಕ್ಕೆ ತಂದ ಮೇಲೂ ರಾಕರ್ ಮಿಡಿಯಲಿಲ್ಲ. ಅಂದರೆ ಕ್ಯಾಮ್ ಹೊರಗೆ ತೆಗೆದೇ ನೋಡಬೇಕು. ಹೇಗೂ ಕವರ್ ಬಿಚ್ಚುವುದಿತ್ತು.

ಒಳಗೆ ಕಂಡದ್ದು

ಪೆಟ್ರೋಲ್ ಟ್ಯಾಂಕ್ ಮತ್ತು ಕಾರ್ಬ್ಯುರೇಟರ್ ಬಟ್ಟಲು ಖಾಲಿ ಮಾಡಿ, ರಾಕರ್‌ಗಳನ್ನು ಸಡಿಲಿಸಿ, ಹೆಡ್ ಕೆಳಗಾಗುವಂತೆ ಎಂಜಿನ್ ತಿರುಗಿಸಿ ಇಟ್ಟುಕೊಂಡು ಕವರ್ ತೆಗೆಯಲಾಯಿತು. ಹೀಗೆ ಇಟ್ಟರೆ ಕ್ಯಾಮ್ ಎಳೆದಾಗ ಅದರ ಮೇಲೆ ಕೂರುವ ಟ್ಯಾಪೆಟ್ ತುಂಡುಗಳು ತಮ್ಮ ತೂತಿನಲ್ಲೇ ಉಳಿಯುತ್ತವೆ. ನೇರ ಇಟ್ಟರೆ ಜಾರಿ ಸಂಪಿಗೆ ಬೀಳುತ್ತವೆ, ಯಾವುದು ಯಾವ ವಾಲ್ವಿನದೆಂಬುದು ಗೊಂದಲವಾಗುತ್ತದೆ.

ಕವರ್ ಅಂಚಿನಲ್ಲಿ ಕಾಗದದ ಪ್ಯಾಕಿಂಗೇ ಇರಲಿಲ್ಲ. ಅದರ ಬದಲು ಸಿಲಿಕಾನ್ ಹಚ್ಚಿದ್ದರು, ಒಳಗೂ ಎಳೆ ಎಳೆಯಾಗಿ ಇಳಿದಿತ್ತು. ಸಿಲಿಕಾನ್ ಆಯಿಲ್ ಸೋರುವುದನ್ನು ನಿಲ್ಲಿಸೀತು, ಪ್ಯಾಕಿಂಗಿನ ದಪ್ಪ ಕೊಡಲಾರದು. ಬೋಲ್ಟ್ ಬಿಗಿದಂತೆ ಅದು ಹಿಂಡಿಕೊಂಡು ಹೊರಬರುತ್ತದೆ, ಕವರ್ ಪ್ಯಾಕಿಂಗಿನಷ್ಟು ಒಳಗೆ ಹೋಗಿ ಕೂರುತ್ತದೆ. ಶಾಫ್ಟ್‌ಗೆ ಉದ್ದಕ್ಕೆ ಬಿಟ್ಟ ಜಾಗ ಅಷ್ಟೇ ಕಡಿಮೆಯಾಗುತ್ತದೆ.

ಅದಷ್ಟೇ ಅಲ್ಲ. ಕವರ್‌ನಲ್ಲಿ ಹೊಸದಾಗಿ ಹೊಡೆದ 6205 ಬೇರಿಂಗ್ (ಒಳವ್ಯಾಸ 25, ಹೊರವ್ಯಾಸ 52, ದಪ್ಪ 15 ಮಿ.ಮೀ.) ತಳ ಮುಟ್ಟಿರಲಿಲ್ಲ. ವರ್ನಿಯರ್‌ನ ಆಳದ ಕಡ್ಡಿಯಿಂದ ನಾಲ್ಕು ಕಡೆ ಅಳೆದಾಗ ಒಂದು ಪಕ್ಕ ಇನ್ನೊಂದಕ್ಕಿಂತ 0.3 ಮಿ.ಮೀ. ಎತ್ತರವಿತ್ತು. ತಣ್ಣನೆ ಕವರ್‌ಗೆ ಸುತ್ತಿಗೆಯಲ್ಲಿ ಹೊಡೆದು ಕೂರಿಸಿದರೆ ಹೀಗೆ ಸೊಟ್ಟ ನಿಲ್ಲುತ್ತದೆ.

ರಾಡ್ ಕಡೆ ತಪ್ಪು ಕಾಣಲಿಲ್ಲ. ರಾಡ್ ಮತ್ತು ಕ್ಯಾಪ್ ಮೇಲಿನ ಗೆರೆಗಳು ಒಂದೇ ಪಕ್ಕದಲ್ಲಿ ಕೂಡಿದ್ದವು, ಆಯಿಲ್ ಚಿಮ್ಮಿಸುವ ಕೊಕ್ಕೆ ಮುರಿದಿರಲಿಲ್ಲ, ರಾಡ್ ಕ್ರ್ಯಾಂಕ್ ಪಿನ್ ಮೇಲೆ ಪಕ್ಕಕ್ಕೆ ಸಲೀಸಾಗಿ ಆಡಿತು. ಇದು ಅಲ್ಯುಮಿನಿಯಂ ರಾಡ್, ಬೇರಿಂಗ್ ತಟ್ಟೆ ಇಲ್ಲದೆ ನೇರ ಪಿನ್ ಮೇಲೇ ಓಡುತ್ತದೆ. ಅದರ ಬೋಲ್ಟ್‌ಗೆ 12 ನ್ಯೂಟನ್ ಮೀಟರ್ ಸಾಕು. ಬಲವಿದೆಯೆಂದು ಬಿಗಿದರೆ ಹಿಡಿಯುತ್ತದೆ, ಇಲ್ಲವೇ ಆಟೆ ಕಿತ್ತು ಬರುತ್ತದೆ. ಕ್ಯಾಪ್ ತಿರುವುಮುರುವಾಗಿ ಕೂತರೂ ಸುತ್ತೆಲ್ಲ ಬಿಗಿ ಬರುವುದರಿಂದ ಈ ಪರೀಕ್ಷೆ ಬಿಡುವಂತಿರಲಿಲ್ಲ.

ಕ್ಯಾಮ್‌ನಲ್ಲಿ ಡಿಕಂಪ್ರೆಷನ್ ತೂಕ ಜೋತಾಡುತ್ತಿತ್ತು. ಸ್ಪ್ರಿಂಗ್ ಮಾಯ. ಸಂಪಿನಲ್ಲಿ ಬಿದ್ದಿದ್ದರೆ ಗೇರಿನ ಹಲ್ಲಿಗೆ ಸಿಕ್ಕೀತೆಂದು ಅಯಸ್ಕಾಂತ ಆಡಿಸಿ, ಸೀಮೆಎಣ್ಣೆ ಹಾಕಿ ತೊಳೆದು ನೋಡಲಾಯಿತು, ಸಿಗಲಿಲ್ಲ. ಎಂಜಿನ್ ಕೆಲಸದ ಹೊತ್ತಿಗೆ ಹೊರಗೇ ಕಳಚಿ ಬಿದ್ದಿರಬೇಕು. ಬಿಡಿ ಸ್ಪ್ರಿಂಗ್ ಅಂಗಡಿಯಲ್ಲಿ ಸಿಗದೆ ಕ್ಯಾಮ್ ಶಾಫ್ಟ್ ಇಡಿಯಾಗಿ ತರಬೇಕಾಯಿತು. ತಂತಿ ಬಗ್ಗಿಸಿ ಸ್ಪ್ರಿಂಗ್ ಮಾಡಿ ಹಾಕುವ ಜುಗಾಡು ಇಲ್ಲಿ ಬೇಡ. ಬಲ ಹೆಚ್ಚಾದರೆ ಎಂಜಿನ್ ಓಡುವಾಗಲೂ ಮೂತಿ ಹೊರಗೇ ಉಳಿದು ವಾಲ್ವ್ ಬಡಿಯುತ್ತದೆ.

ಹೆಡ್ ಬಿಚ್ಚಬೇಕೇ ಎಂಬ ಚರ್ಚೆಯೂ ಬಂತು. ರಿಂಗಿನ ತುದಿಗಳ ಗ್ಯಾಪ್ ಹೊಸದರಲ್ಲಿ 0.2ರಿಂದ 0.4 ಮಿ.ಮೀ. ಇರಬೇಕು. ಕಡಿಮೆಯಿದ್ದರೂ ತಣ್ಣಗಿರುವಾಗ ಕೈಗೆ ತಿಳಿಯುವುದಿಲ್ಲ, ಬಿಸಿಯಾದಾಗ ತುದಿಗಳು ಒಂದಕ್ಕೊಂದು ಒತ್ತಿ ಬೋರ್ ಗೀರುತ್ತದೆ. ಪಿಸ್ಟನ್ ಮತ್ತು ಬೋರ್ ನಡುವಿನ ಸಂದು 0.015ರಿಂದ 0.050 ಮಿ.ಮೀ. ಎಂಬ ಲೆಕ್ಕಕ್ಕೂ ಇದೇ ಮಾತು. ಕವರ್ ತೆಗೆದ ಸ್ಥಿತಿಯಲ್ಲಿ ಪಿಸ್ಟನ್ ಸಲೀಸಾಗಿ ಓಡಾಡಿದ್ದರಿಂದ, ಬಿಸಿ ಪರೀಕ್ಷೆಯ ತೀರ್ಪು ಬರುವವರೆಗೆ ಹೆಡ್ ಮುಟ್ಟದಿರುವುದೆಂದು ನಿರ್ಧಾರವಾಯಿತು.

ಮತ್ತೆ ಕೂಡಿಸಿದ ಕ್ರಮ

ಅದುಮಿಸಿಕೊಂಡು ತಿರುಗಿದ್ದ ಬೇರಿಂಗ್ ಅನ್ನು ಮತ್ತೆ ಬಳಸಲಿಲ್ಲ. ಹೊಸದನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರೀಜರ್‌ನಲ್ಲಿಟ್ಟು, ಸೀಲ್ ತೆಗೆದ ಕವರ್ ಅನ್ನು ಕುದಿಯುವ ನೀರಿನಲ್ಲಿ ಮುಳುಗಿಸಲಾಯಿತು. 70 ಡಿಗ್ರಿ ಏರಿದರೆ 52 ಮಿ.ಮೀ. ಅಲ್ಯುಮಿನಿಯಂ ತೂತು ಸುಮಾರು 0.08 ಮಿ.ಮೀ. ಹಿಗ್ಗುತ್ತದೆ, ಬೇರಿಂಗ್ ಹೆಬ್ಬೆರಳ ಒತ್ತಿಗೆ ಇಳಿದು ತಳ ಮುಟ್ಟಿತು. ಕವರ್ ಬೇಗ ಒರೆಸಿಕೊಳ್ಳಬೇಕು, ನೀರು ಒಳಗುಳಿಯಬಾರದು. ಹೊಡೆಯಲೇಬೇಕಾದರೆ ಹೊರ ರಿಂಗಿನ ಮೇಲೆ ಮಾತ್ರ, ಹಳೆಯ ಬೇರಿಂಗ್ ಒಂದನ್ನು ಮೇಲಿಟ್ಟು.

ಸಿಲಿಕಾನ್ ಪೂರ್ತಿ ಕೆರೆದು, ಹೊಸ ಕಾಗದದ ಪ್ಯಾಕಿಂಗ್ ಒಣಗಿದ್ದಂತೆಯೇ ಇಟ್ಟದ್ದಾಯಿತು. ಕ್ರ್ಯಾಂಕ್ ಗೇರಿನ ಚುಕ್ಕೆಗೆ ಕ್ಯಾಮ್ ಗೇರಿನ ಚುಕ್ಕೆ ಎದುರು ಬಂದಿತ್ತು. ಕವರ್ ಒತ್ತುವಾಗ ಗವರ್ನರ್ (ಎಂಜಿನ್ ವೇಗ ಹಿಡಿತದಲ್ಲಿಡುವ ಭಾಗ) ಗೇರಿನ ಹಲ್ಲು ಕೂಡದಿದ್ದರೆ ಕವರ್ ಒಂದೆರಡು ಮಿ.ಮೀ. ಹೊರಗೇ ನಿಲ್ಲುತ್ತದೆ. ಆಗ ಬೋಲ್ಟಿನಿಂದ ಎಳೆದು ಕೂರಿಸಲು ಹೋಗದೆ ಫ್ಲೈವೀಲ್ ತುಸು ಆಡಿಸಬೇಕು. ಆರು ಬೋಲ್ಟ್‌ಗಳನ್ನು ಎದುರುಬದುರಾಗಿ 8, ಆಮೇಲೆ 16, ಕೊನೆಗೆ 24 ನ್ಯೂಟನ್ ಮೀಟರ್‌ಗೆ ಬಿಗಿದು, ಪ್ರತಿ ಹಂತಕ್ಕೂ ಫ್ಲೈವೀಲ್ ಒಂದು ಸುತ್ತು ತಿರುಗಿಸಿ ನೋಡಲಾಯಿತು. ಮೊದಲ ಬಾರಿ ಕೂಡಿಸಿದವರು ಈ ಹಂತದಲ್ಲಿ ಒಮ್ಮೆ ಕೈ ಆಡಿಸಿದ್ದರೆ ತೊಂದರೆ ಬೆಂಚಿನ ಮೇಲೇ ಕಾಣುತ್ತಿತ್ತು. ಕೊನೆಯ ಬಿಗಿತದ ನಂತರವೂ ಶಾಫ್ಟ್ ಉದ್ದಕ್ಕೆ ಆ ಸಣ್ಣ 'ಟಕ್' ಉಳಿದಿತ್ತು.

ಟ್ಯಾಪೆಟ್ 0.15 ಮತ್ತು 0.20ಕ್ಕೆ ಬಂತು. ಎಕ್ಸಾಸ್ಟ್ ರಾಕರ್ ಕಂಪ್ರೆಷನ್ ವೇಳೆ ಮಿಡಿಯಿತು. ಫ್ಲೈವೀಲ್ ಅನ್ನು ಶಾಫ್ಟ್ ಮೇಲೆ ಸರಿಯಾದ ಜಾಗದಲ್ಲಿ ಹಿಡಿಯುವ ಕೀಲಿ ಅರ್ಧ ಕತ್ತರಿಸಿದ್ದರೂ ಹಗ್ಗ ಒದೆಯುತ್ತದಾದ್ದರಿಂದ ಅದನ್ನೂ ಬಿಚ್ಚಿ ನೋಡಲಾಯಿತು, ಸರಿಯಿತ್ತು. ನಟ್ಟಿಗೆ 75 ನ್ಯೂಟನ್ ಮೀಟರ್. ಪ್ಲಗ್ ಗ್ಯಾಪ್ 0.7 ಮಿ.ಮೀ. ಇಂಪೆಲ್ಲರ್ ಹಿಂದೆ ಮೊದಲಿದ್ದಷ್ಟೇ ವಾಷರ್ ಹಾಕಿ, ಕೇಸಿಂಗ್ ಬಿಗಿದು, ಮತ್ತೊಮ್ಮೆ ಕೈಯಿಂದ ತಿರುಗಿಸಿದ ಮೇಲೆಯೇ ಹಗ್ಗದ ಸ್ಟಾರ್ಟರ್ ಮೇಲೇರಿತು.

ಕೇಸಿಂಗ್‌ಗೆ ನೀರು ತುಂಬದೆ ಪಂಪ್ ಚಾಲೂ ಮಾಡಿದರೆ ಹೊಸ ಮೆಕ್ಯಾನಿಕಲ್ ಸೀಲ್ ಕೆಲವೇ ನಿಮಿಷದಲ್ಲಿ ಸುಡುತ್ತದೆ. ನೀರು ತುಂಬಿ ಎಳೆದಾಗ ಹಗ್ಗ ಒಂದೇ ಕೈಗೆ ಬಂತು, ಒದೆಯಲಿಲ್ಲ. ಅರ್ಧ ಆಕ್ಸಿಲರೇಟರ್‌ನಲ್ಲಿ 20 ನಿಮಿಷ ಓಡಿಸಿ ನಿಲ್ಲಿಸಿ, ಬಿಸಿ ಇರುವಾಗಲೇ ಪ್ಲಗ್ ತೆಗೆದು ಫ್ಲೈವೀಲ್ ತಿರುಗಿಸಲಾಯಿತು. ತಣ್ಣಗಿದ್ದಾಗ ಇದ್ದಷ್ಟೇ ಭಾರ. ರಿಂಗ್ ಗ್ಯಾಪ್ ಸಾಲದಿದ್ದರೆ ಈ ಹೊತ್ತಿಗೆ ಸುತ್ತಿನ ನಡುವೆ ಎರಡು ಕಡೆ ಬಿಗಿ ಬರಬೇಕಿತ್ತು. ಹೆಡ್ ಬಿಚ್ಚುವ ಮಾತು ಅಲ್ಲಿಗೆ ಮುಗಿಯಿತು.

ರೈತರಿಗೆ ಕೊಟ್ಟ ಸೂಚನೆ ಎರಡು. ಮೊದಲ 20 ಗಂಟೆ ಓಡಿದ ಮೇಲೆ ಆಯಿಲ್ ಬದಲಿಸಬೇಕು; ಇದು ಚಿಮ್ಮಿಸಿ ಆಯಿಲ್ ಹಾಕುವ ಎಂಜಿನ್, ಫಿಲ್ಟರ್ ಇಲ್ಲ, ಹೊಸ ಬೋರಿನ ಲೋಹದ ಪುಡಿ ಆಯಿಲ್‌ನಲ್ಲೇ ಸುತ್ತುತ್ತಿರುತ್ತದೆ. ಎರಡನೆಯದು ಬ್ಲಾಕ್ ಕಡೆಯ ಬೇರಿಂಗ್ ಬಗ್ಗೆ. ಅದೂ ಅದುಮಿಸಿಕೊಂಡಿದ್ದು ಹೌದು, ಆದರೆ ಕೈಯಲ್ಲಿ ತಿರುಗಿಸಿದಾಗ ಕರಕರ ಅನ್ನದ ಕಾರಣ ಬದಲಿಸಿಲ್ಲ. ಫ್ಲೈವೀಲ್ ಕಡೆಯಿಂದ ಗುಂಯ್ ಎಂಬ ಸದ್ದು ಶುರುವಾದರೆ, ಅಥವಾ ಆ ಕಡೆಯ ಸೀಲ್ ಆಯಿಲ್ ಬಿಡತೊಡಗಿದರೆ, ಪಂಪ್ ನಿಲ್ಲಿಸಿ ತರಬೇಕು.